ಚಂದುವಿನ ಹೊಟ್ಟೆನೋವು

ಜಡಿಗೇನಹಳ್ಳಿ
18 ನವೆಂಬರ್ 2024

ಸಿಂಧು,

ಒಂದು ವಾರದಿಂದ ನಿನ್ನ ಫೋನು ಬ್ಯುಸಿ ಎನ್ನುತ್ತಲೇ ಇತ್ತು. ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆದವರಿಗೆ ಅಷ್ಟೊಂದು ಮಾತಿರುತ್ತದೆಯೇ ಎಂದುಕೊಂಡಿದ್ದೆ. ಕೊನೆಗೆ ನಿಮ್ಮ ಭಾವ, "ಬ್ಯುಸಿ ಅಲ್ಲ ಕಣೆ, ನಿನ್ ನಂಬರ್ ಬ್ಲಾಕ್ ಮಾಡವ್ಳೆ" ಎಂದು ನಕ್ಕರು. ಅದಕ್ಕೇ ಪೋಸ್ಟ್ ಆಫೀಸಿಗೆ ಹೋಗಿ ಇನ್‌ಲ್ಯಾಂಡ್ ಲೆಟರ್ ತಂದೆ. ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ.

ಹೊಸಕೋಟೆಯ ಗೃಹಪ್ರವೇಶದ ವಿಷಯಕ್ಕೇ ಬರುತ್ತೇನೆ. ಒಂಬತ್ತು ವರ್ಷದ ಹುಡುಗಿ ಹೊಟ್ಟೆನೋವೆಂದು ಕಾರಿನಿಂದ ಕೆಳಗೆ ಕಾಲಿಡುವುದಿಲ್ಲ ಎಂದರೆ ಏನರ್ಥ? ಅದು ಚಿಕ್ಕಪ್ಪನ ಮನೆ, ಒಳಗಿದ್ದವರೆಲ್ಲ ನಮ್ಮವರೇ. ಹುಲಿ ಕಟ್ಟಿದ್ದರೇ ಅಲ್ಲಿ? ನೀನು ಬಿಸಿಲಲ್ಲಿ ಕಾರಿನ ಕಿಟಕಿಗೆ ತಲೆಯಿಟ್ಟು "ಐದೇ ನಿಮಿಷ ಪುಟ್ಟ, ಬರೀ ಐದೇ ನಿಮಿಷ" ಎಂದು ಮಗಳನ್ನು ಬೇಡುತ್ತ ನಿಂತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಹುಡುಗಿಯ ಕೈ ಹಿಡಿದು ಎಳೆದೆ. "ಎರಡು ಬಾರಿಸು, ಸರಿಹೋಗ್ತಾಳೆ" ಎಂದೆ. ನಾಲ್ಕು ಜನರ ಎದುರಿಗೇ ಎಂದೆ. ನೀನು ಎಲೆ ಮುಂದೆ ಕೂರದೆ ಹೊರಟುಹೋದೆ.

ನನ್ನ ಬಾಯಿ ಜೋರು, ಅದು ಊರಿಗೇ ಗೊತ್ತು. ಆದರೆ ನಾನೂ ಇಬ್ಬರು ಮಕ್ಕಳನ್ನು ಬೆಳೆಸಿ ಓದಿಸಿ ದಡ ಸೇರಿಸಿದವಳು. ಚಂದನಾಳನ್ನು ಹದಿನೈದು ದಿನ ನನ್ನ ಹತ್ತಿರ ಬಿಡು. ಇಲ್ಲಿ ಹಸು ಇದೆ, ಕರು ಇದೆ, ಬೀದಿ ತುಂಬ ಮಕ್ಕಳಿದ್ದಾರೆ. ಮುದ್ದು ಕಡಿಮೆಯಾದರೆ ಈ ಹೊಟ್ಟೆನೋವೂ ಕಡಿಮೆಯಾಗುತ್ತದೆ. ಬೇಕಾದರೆ ಬರೆದಿಟ್ಟುಕೋ.

ಅವ್ವ ಚೆನ್ನಾಗಿದ್ದಾಳೆ. ನೀನು ಕೇಳುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ನಿನ್ನ ಅಕ್ಕ,
ಭಾಗ್ಯ

---

ದೊಡ್ಡಬಳ್ಳಾಪುರ
2 ಡಿಸೆಂಬರ್ 2024

ಅಕ್ಕ,

ನಿನ್ನ ಕಾಗದ ಬಂತು. ನೀನು ಬೈಯಲು ಬರೆದಿದ್ದೀಯೋ ಕರೆಯಲು ಬರೆದಿದ್ದೀಯೋ ತಿಳಿಯಲಿಲ್ಲ. ಚಂದುವನ್ನು ಕಳಿಸುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿ ಬೆಳಗು ಹೇಗಿರುತ್ತದೆ, ಓದು. ನಾನು ಎಬ್ಬಿಸುವ ಮೊದಲೇ ಚಂದು ಎದ್ದಿರುತ್ತಾಳೆ. ತಾನೇ ಯೂನಿಫಾರಂ ಹಾಕಿಕೊಂಡು, ನನ್ನ ಮುಂದೆ ಕೂತು ಜಡೆ ಹಾಕಿಸಿಕೊಳ್ಳುತ್ತಾಳೆ. ಹಟ ಮಾಡುವ ಮಗು ಜಡೆ ಹಾಕಿಸಿಕೊಳ್ಳುತ್ತದೆಯೇ ಅಕ್ಕ? ಸ್ಕೂಲ್ ವ್ಯಾನಿನ ಹಾರ್ನ್ ಬೀದಿಯ ತಿರುವಿನಲ್ಲಿ ಕೇಳಿದರೆ ಸಾಕು, ಹೊಟ್ಟೆ ಹಿಡಿದು ಬಾಗುತ್ತಾಳೆ. ತಿಂದದ್ದೆಲ್ಲ ವಾಂತಿ. ಕೈ ಮುಟ್ಟಿದರೆ ಐಸು. "ಅಮ್ಮ, ಹೊಟ್ಟೆ ಒಳಗೆ ಏನೋ ತಿರುಗ್ತಿದೆ. ನಾನು ಸ್ಕೂಲಿಗೆ ಹೋದಾಗ ನಿಂಗೇನಾದ್ರೂ ಆದ್ರೆ?" ಎನ್ನುತ್ತಾಳೆ. "ಏನೂ ಆಗಲ್ಲ" ಎಂದರೆ ಸ್ವಲ್ಪ ಹೊತ್ತು ಸಮಾಧಾನ. ಮತ್ತೆ ಅದೇ ಪ್ರಶ್ನೆ. ಅಳುತ್ತ ಕೇಳುವ ಮಗುವನ್ನು ಬಿಟ್ಟು ಫ್ಯಾಕ್ಟರಿ ಬಸ್ ಹತ್ತಿ ಬಾಶೆಟ್ಟಿಹಳ್ಳಿಗೆ ಹೋಗಬೇಕು. ಎಷ್ಟೋ ದಿನ ಹೋಗಿಲ್ಲ. ಅವಳೂ ಶಾಲೆಗೆ ಹೋಗಿಲ್ಲ.

ಸ್ಕ್ಯಾನ್ ಮಾಡಿಸಿದೆವು, ರಕ್ತ ಪರೀಕ್ಷೆ ಆಯಿತು. ಅತ್ತೆ ತಾಯತ ಕಟ್ಟಿಸಿದರು. ಏನೂ ಸಿಗಲಿಲ್ಲ. ಮಕ್ಕಳ ಡಾಕ್ಟರೇ ಕೊನೆಗೆ ವಾಣಿಶ್ರೀ ಎಂಬ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ಮಕ್ಕಳ ಜೊತೆ ಮಾತನಾಡಿ ಮನಸ್ಸಿನ ತೊಂದರೆ ತಿಳಿಯುವ ಕೆಲಸ ಅವರದು. ಅವರು ಇದಕ್ಕೆ ಆತಂಕ ಎಂದರು. ಹೊಟ್ಟೆನೋವು ನಾಟಕವಲ್ಲವಂತೆ, ನಿಜವಾದ ನೋವೇ ಅಂತೆ. ಅದು ಹುಟ್ಟುವ ಜಾಗ ಮಾತ್ರ ಹೊಟ್ಟೆಯಲ್ಲ. ಯಾರು ಹೆದರಿಸಿದರು, ಎಲ್ಲಿ ಹೆದರಿದಳು ಎಂದು ಎಲ್ಲರೂ ಕೇಳುತ್ತಾರಲ್ಲ, ಹಾಗೆ ಒಂದು ಕಾರಣ ಇರಲೇಬೇಕೆಂದೂ ಇಲ್ಲವಂತೆ.

"ನಿಮ್ಮ ಮನೇಲಿ ಇನ್ಯಾರಿಗಾದ್ರೂ ಹೀಗಿತ್ತಾ?" ಎಂದು ಮೇಡಂ ಕೇಳಿದರು. ನಮ್ಮಲ್ಲಿ ಎಲ್ಲರೂ ಗಟ್ಟಿ ಎಂದೆ. ಅವ್ವನಷ್ಟು ಗಟ್ಟಿ ಎದೆಯವಳು ಯಾರಿದ್ದಾಳೆ ಹೇಳು? ಮಗಳ ಧಾರೆಯ ದಿನ ಮನೆಯಲ್ಲಿ ಉಳಿಯುವಷ್ಟು ಗಟ್ಟಿ.

ಸಿಂಧು

---

ಜಡಿಗೇನಹಳ್ಳಿ
11 ಡಿಸೆಂಬರ್ 2024

ಸಿಂಧು,

ಆ ಮೇಡಂ ಕೇಳಿದ್ದಕ್ಕೆ ನೀನು ತಪ್ಪು ಉತ್ತರ ಕೊಟ್ಟಿದ್ದೀಯ.

"ಹೊಟ್ಟೆ ಒಳಗೆ ಏನೋ ತಿರುಗ್ತಿದೆ" ಎಂಬಲ್ಲಿಗೆ ಬಂದಾಗ ನಾನು ಕಾಗದ ಮಡಿಚಿ ಹಿತ್ತಲಿಗೆ ಹೋದೆ. ಆ ಮಾತನ್ನು ನಾನು ಮೊದಲು ಕೇಳಿದ್ದು ಅವ್ವನ ಬಾಯಲ್ಲಿ. ಅದನ್ನು ಯಾರಿಗೂ ಹೇಳಕೂಡದೆಂದು ಆಣೆ ಇಡಿಸಿಕೊಂಡಿದ್ದಳು. ಇವತ್ತು ಆ ಆಣೆ ಮುರಿಯುತ್ತಿದ್ದೇನೆ. ಮೊಮ್ಮಗಳಿಗಿಂತ ಆಣೆ ದೊಡ್ಡದಲ್ಲ.

ನಿನ್ನ ಮದುವೆಗೆ ನೀವೆಲ್ಲ ಹಿಂದಿನ ಸಂಜೆಯೇ ಹೊಸಕೋಟೆಯ ಛತ್ರಕ್ಕೆ ಹೋಗಿದ್ದಿರಿ. ಹಾಲು ಕರೆದು ಬೆಳಿಗ್ಗೆ ಬರುತ್ತೇನೆಂದು ಅವ್ವ ಉಳಿದಿದ್ದಳು, ಜೊತೆಗೆ ನಾನು. ಕೋಳಿ ಕೂಗುವ ಮೊದಲೇ ಎದ್ದು ತಲೆಗೆ ಸ್ನಾನ ಮಾಡಿದಳು. ಅಪ್ಪ ತಂದಿದ್ದ ಹಸಿರು ರೇಷ್ಮೆ ಸೀರೆ ಉಟ್ಟಳು, ಮಲ್ಲಿಗೆ ಮುಡಿದಳು. ಕನ್ನಡಿ ಮುಂದೆ ನಿಂತು "ಹೆಣ್ಣಿನ್ ತಾಯಿ ಥರ ಕಾಣ್ತೀನಾ?" ಎಂದು ನನ್ನನ್ನು ಕೇಳಿದಳು. ವ್ಯಾನು ಬೀದಿಯಲ್ಲಿ ನಿಂತಿತ್ತು. ಅಂಗಳ ದಾಟಿ ವ್ಯಾನಿನ ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಅವಳ ಕಾಲು ಸೋತುಬಿಟ್ಟಿತು. ನೆಲಕ್ಕೆ ಕುಸಿದಳು. ಮೈಯೆಲ್ಲ ಬೆವರು, ರವಿಕೆ ಒದ್ದೆ, ಕೈ ಮಾತ್ರ ಮಂಜುಗಡ್ಡೆ.

"ಹೊಟ್ಟೆ ಒಳ್ಗೆ ಏನೋ ತಿರುಗ್ತೈತೆ, ಎದೆ ಹೊಡ್ಕೊಳ್ತೈತೆ ಕಣೆ ಭಾಗ್ಯ. ಉಸ್ರು ಸಿಗ್ತಿಲ್ಲ. ದಾರೀಲೇ ಸತ್ತೋಗ್ತೀನಿ. ಮದ್ವೆ ಮನೇಲಿ ಹೆಣ ಬೀಳೋದು ಬ್ಯಾಡ" ಎಂದಳು.

ನಾನು ಗಾಳಿ ಬೀಸಿದೆ, ನೀರು ಕೊಟ್ಟೆ. ಸುಧಾರಿಸಿಕೊಂಡು ಎದ್ದು ನಿಂತಳು. ವ್ಯಾನನ್ನು ನೋಡಿದಳು. ಮತ್ತೆ ಅದೇ. ಮುಹೂರ್ತ ಮೀರುತ್ತಿತ್ತು. "ಜ್ವರ ಅಂತ ಹೇಳು. ಹೆದರ್ಕೊಂಡ್ಲು ಅಂತ ಮಾತ್ರ ಹೇಳ್ಬ್ಯಾಡ, ನನ್ನಾಣೆ" ಎಂದು ನನ್ನನ್ನು ದೂಡಿದಳು. ಅಪ್ಪನ ಪಕ್ಕ ಅವ್ವ ನಿಲ್ಲಲಾಗದ ಕಾರಣಕ್ಕೆ ನಿನ್ನ ಧಾರೆಯನ್ನು ಚಿಕ್ಕಪ್ಪ ಚಿಕ್ಕಮ್ಮ ಎರೆದರು. ಮರುದಿನ ನೀನು ಗಂಡನ ಜೊತೆ ಮನೆಗೆ ಬಂದಾಗ ಅವ್ವ ಅಂಗಳ ಸಾರಿಸುತ್ತಿದ್ದಳು. ಜ್ವರ ಎಲ್ಲಿ ಎಂಬಂತೆ ನೀನು ಅವಳನ್ನು ನೋಡಿದ್ದು ನನಗೆ ಈಗಲೂ ನೆನಪಿದೆ. ನೀನೇ ಮೆಚ್ಚಿದ ಹುಡುಗ, ಜಮೀನಿಲ್ಲದವನು; ಅವ್ವನಿಗೆ ದೇವೇಂದ್ರ ಹಿಡಿಸಲಿಲ್ಲ ಎಂದು ನೀನು ತೀರ್ಮಾನ ಮಾಡಿಕೊಂಡೆ.

ಅವ್ವ ಹುಟ್ಟಿದ ಮನೆಗೂ ಸೇರಿದ ಮನೆಗೂ ಒಂದೇ ಬೀದಿ. ನಿಮ್ಮ ಭಾವನೂ ಮನೆ ಅಳಿಯನಾಗಿ ಬಂದರು, ಹಾಗಾಗಿ ನನ್ನನ್ನು ನೋಡಲೂ ಅವಳು ಎಲ್ಲಿಗೂ ಹೋಗಬೇಕಾಗಲಿಲ್ಲ. ಅಪ್ಪ ಕೊನೆಗಾಲದಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅವಳು ಬರಲಿಲ್ಲ, ಕಲ್ಲೆದೆ ಎಂದರು ಜನ. ಕೆಲವರು ಹೊಗಳಿದ್ದೂ ಉಂಟು, ಹೊಸಿಲು ದಾಟದ ಹೆಂಗಸು ಎಂದು. ಅವಳು ಎರಡನ್ನೂ ಸುಮ್ಮನೆ ಕೇಳಿಸಿಕೊಂಡಳು.

ಚಂದುವಿನ ಕೈಯನ್ನು ಅವತ್ತು ನಾನೇ ಹಿಡಿದಿದ್ದೆನಲ್ಲ. ತಣ್ಣಗಿತ್ತು. ಬಿಸಿಲಲ್ಲಿ ತಣ್ಣಗಿತ್ತು.

ಭಾಗ್ಯ

---

ದೊಡ್ಡಬಳ್ಳಾಪುರ
20 ಜನವರಿ 2025

ಅಕ್ಕ,

ತಡವಾಗಿ ಬರೆಯುತ್ತಿದ್ದೇನೆ. ಏನು ಬರೆಯಬೇಕೆಂದು ತಿಳಿಯದೆ ಹಬ್ಬವೂ ಕಳೆಯಿತು. ಎಳ್ಳು ಬೀರಲು ಊರಿಗೆ ಬರಬೇಕೆಂದುಕೊಂಡೆ. ಅವ್ವನ ಮುಖ ನೋಡಿ ಏನು ಮಾತಾಡಲಿ ಎನಿಸಿ ಬರಲಿಲ್ಲ.

ಚಂದುವಿನ ವಿಷಯ ಮಾತ್ರ ಬರೆಯುತ್ತೇನೆ, ಅದು ಸುಲಭ.

ಮೇಡಂ ಮೊದಲು ನನ್ನನ್ನೇ ತಿದ್ದಿದರು. ಮಗು ಅತ್ತಾಗಲೆಲ್ಲ ನಾನು ಅವಳನ್ನು ಮನೆಯಲ್ಲಿ ಉಳಿಸುತ್ತಿದ್ದೆ. ಆ ಕ್ಷಣಕ್ಕೆ ಇಬ್ಬರಿಗೂ ಹಾಯೆನಿಸುತ್ತಿತ್ತು. ಆದರೆ ಹಾಗೆ ತಪ್ಪಿಸಿಕೊಂಡಷ್ಟೂ ಶಾಲೆ ಅವಳ ಕಣ್ಣಿಗೆ ಇನ್ನೂ ಭಯಂಕರವಾಗಿ ಕಾಣುತ್ತದಂತೆ. ಹಾಗೆಂದು ಎಳೆದು ದೂಡುವುದೂ ಕೆಲಸಕ್ಕೆ ಬಾರದು. ಡಿಸೆಂಬರಿನಲ್ಲಿ ಒಂದು ದಿನ ವ್ಯಾನಿನವನೂ ಆಯಾನೂ ಸೇರಿ ಅವಳನ್ನು ಎತ್ತಿ ಒಳಗೆ ಕೂರಿಸಿದರು. ಅದಾದ ಮೇಲೆ ಎರಡು ವಾರ ಯೂನಿಫಾರಂ ಕಂಡರೂ ನಡುಗಿದಳು. ಇವೆರಡರ ಮಧ್ಯದ ದಾರಿಯೆಂದರೆ ಸ್ವಲ್ಪ ಸ್ವಲ್ಪವೇ ಹೋಗುವುದು, ಹೋದಲ್ಲಿ ಭಯ ಬಂದರೆ ಓಡದೆ ನಿಲ್ಲುವುದು. ಭಯ ಬರುತ್ತದೆ, ಜೋರಾಗುತ್ತದೆ, ನಿಂತರೆ ತಾನಾಗಿಯೇ ಕಡಿಮೆಯಾಗುತ್ತದೆ ಎಂದು ಮೈಗೆ ಗೊತ್ತಾಗಬೇಕು. ಬಾಯಲ್ಲಿ ಹೇಳಿದರೆ ಗೊತ್ತಾಗುವುದಿಲ್ಲವಂತೆ.

ಮೊದಲು ಬರೀ ಗೇಟಿನವರೆಗೆ ಹೋಗಿ ವಾಪಸು ಬಂದೆವು. ಆಮೇಲೆ ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಕೂತೆವು. ಈಗ ಅವಳು ಮಧ್ಯಾಹ್ನದ ಊಟದವರೆಗೆ ಇರುತ್ತಾಳೆ, ವಾರದಲ್ಲಿ ಎರಡು ಮೂರು ದಿನ. "ನಿಂಗೇನೂ ಆಗಲ್ಲ ತಾನೇ?" ಎಂದು ಕೇಳಿದರೆ ನಾನೀಗ ಆಣೆ ಭಾಷೆ ಕೊಡುವುದಿಲ್ಲ. "ಭಯ ಆಗ್ತಿದೆ ಅಲ್ವಾ? ಆಗ್ಲಿ. ಭಯ ಇದ್ರೂ ನೀನು ಇರಬಲ್ಲೆ" ಎನ್ನುತ್ತೇನೆ.

ದೇವೇಂದ್ರ ಕೆಲಸ ಬಿಡು ಎಂದರು. ಮನೆಯಲ್ಲಿ ತಾಯಿ ಇದ್ದರೆ ಮಗುವಿಗೆ ಧೈರ್ಯ ಎಂದು ಅವರ ವಾದ. ನಾನು ಬಿಡುವುದಿಲ್ಲ ಎಂದೆ. ಹೊರಗೆ ಹೋದ ಅಮ್ಮ ಸಂಜೆ ಮನೆಗೆ ಬರುತ್ತಾಳೆ ಎಂಬುದನ್ನು ಅವಳು ದಿನಾ ನೋಡಬೇಕು. ನಾನು ಹೋಗದಿದ್ದರೆ ಹೇಗೆ ನೋಡುತ್ತಾಳೆ? ಅವರಿಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ತಮ್ಮ ಅಂಗಡಿ ತೆರೆಯುವ ಮೊದಲು ಶಾಲೆಯ ಗೇಟಿನವರೆಗೆ ಬರುತ್ತಾರೆ.

ನಿನ್ನ ನಂಬರನ್ನು ಬ್ಲಾಕಿನಿಂದ ತೆಗೆದಿದ್ದೇನೆ. ಆದರೆ ಫೋನ್ ಮಾಡಬೇಡ. ಫೋನಿನಲ್ಲಿ ನಾವು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುತ್ತೇವೆ.

ಅವ್ವನಿಗೆ ಚಂದುವಿನ ವಿಷಯ ಗೊತ್ತೇ?

ಸಿಂಧು

---

ಜಡಿಗೇನಹಳ್ಳಿ
9 ಫೆಬ್ರವರಿ 2025

ಸಿಂಧು,

ಹೇಳಿದೆ. ಅವ್ವ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಚಂದುವಿಗೆ ಹೀಗಾಗುತ್ತದೆ, ವ್ಯಾನು ಬಂದರೆ ಹೀಗೆ ಎಂದು ನಿನ್ನ ಕಾಗದದಲ್ಲಿದ್ದದ್ದನ್ನೆಲ್ಲ ಹೇಳಿದೆ. ಅವಳು ತಲೆಯೆತ್ತದೆ ಕೇಳಿದಳು, "ಕೈ ತಣ್ಣಗಾಗ್ತೈತಾ ಮಗೀಗೆ?"

"ಹೂಂ."

"ಬಾಯಿ ಒಣಗ್ತೈತಾ? ನೆಲ ಜರುಗ್ದಂಗೆ ಆಗ್ತೈತಾ?"

"ಆಗ್ತದಂತೆ ಕಣವ್ವ. ಆತಂಕ ಅಂತಾರಂತೆ ಅದಕ್ಕೆ."

ಅವ್ವ ಕೈಯಲ್ಲಿದ್ದ ಕಾಯನ್ನು ಮೊರದೊಳಗೆ ಹಾಕಿದಳು. "ಅದಕ್ಕೂ ಒಂದ್ ಹೆಸ್ರೈತಾ?" ಎಂದಳು. ಆಮೇಲೆ ಇನ್ನೊಂದು ಕಾಯಿ ಎತ್ತಿಕೊಂಡು, "ನಂಗೊಬ್ಳಿಗೇ ಅಂದ್ಕಂಡಿದ್ದೆ" ಎಂದಳು.

ನಾನು ಆಣೆ ಮುರಿದು ನಿನಗೆ ಬರೆದದ್ದನ್ನೂ ಹೇಳಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ಸಿಂಧು ಏನಂದ್ಲು?" ಎಂದು ಮಾತ್ರ ಕೇಳಿದಳು. ಇನ್ನೂ ಏನೂ ಅಂದಿಲ್ಲ ಎಂದೆ. ಸೆರಗಿನಿಂದ ಮುಖ ಒರೆಸಿಕೊಂಡು ಒಲೆ ಮುಂದೆ ಹೋದಳು. ಅವತ್ತು ಸಾರಿಗೆ ಉಪ್ಪೇ ಇರಲಿಲ್ಲ, ನಿಮ್ಮ ಭಾವ ತುಟಿ ಬಿಚ್ಚದೆ ಉಂಡರು.

ಬೇಸಿಗೆ ರಜೆಗೆ ಚಂದುವನ್ನು ಕಳಿಸು. ಇದು ನನ್ನ ಮಾತಲ್ಲ, ಅವ್ವನದು. "ಬೈಯೋದ್ ಬ್ಯಾಡ, ಬುದ್ಧಿ ಹೇಳೋದ್ ಬ್ಯಾಡ. ನನ್ ಪಕ್ದಲ್ಲಿ ಮಲಗ್ಲಿ ಸಾಕು" ಎಂದಳು. ನಾನಂತೂ ಬಾಯಿಗೆ ಬೀಗ ಹಾಕಿಕೊಂಡಿರುತ್ತೇನೆ.

ಭಾಗ್ಯ

---

ದೊಡ್ಡಬಳ್ಳಾಪುರ
13 ಏಪ್ರಿಲ್ 2025

ಅಕ್ಕ,

ಚಂದು ಪರೀಕ್ಷೆ ಬರೆದಳು. ಎರಡು ಪರೀಕ್ಷೆಗಳಲ್ಲಿ ಅರ್ಧಕ್ಕೇ ಹೊರಗೆ ಬಂದು ವಾಂತಿ ಮಾಡಿ, ಬಾಯಿ ತೊಳೆದುಕೊಂಡು, ಒಳಗೆ ಹೋಗಿ ಮುಗಿಸಿದಳಂತೆ. ಅವಳ ಟೀಚರ್ ನನಗೆ ಹೇಳುವಾಗ ಅವರ ಕಣ್ಣೂ ತುಂಬಿತ್ತು.

ಈ ಕಾಗದವನ್ನು ದೇವೇಂದ್ರನ ಕೈಲಿ ಕೊಟ್ಟು ಅವಳನ್ನು ಕಳಿಸುತ್ತಿದ್ದೇನೆ. ಅವಳು ಹೆದರಿದಾಗ "ಅಷ್ಟಕ್ಕೆಲ್ಲ ಯಾರಾದ್ರೂ ಹೆದರ್ತಾರಾ" ಎನ್ನಬೇಡ. ಅವಳ ಬದಲು ನೀನೇ ಹೋಗಿ ಕೆಲಸ ಮುಗಿಸಿಕೊಡಲೂ ಬೇಡ. ಪಕ್ಕದಲ್ಲಿ ಇರು. ಮೊದಲ ಎರಡು ದಿನ ರಾತ್ರಿ ನನ್ನನ್ನು ಕೇಳಿ ಅಳಬಹುದು. ಅತ್ತರೂ ಕರೆದುಕೊಂಡು ಹೋಗಲು ಬರುವುದಿಲ್ಲ ಎಂದು ಅವಳಿಗೂ ಹೇಳಿದ್ದೇನೆ. ಹೇಳಿದ ಮೇಲೆ ಬಚ್ಚಲಿಗೆ ಹೋಗಿ ಅತ್ತವಳು ನಾನು.

ಅವ್ವನಿಗೆ ಏನು ಹೇಳಲಿ ಎಂದು ಇನ್ನೂ ತೋಚಿಲ್ಲ. ಮಗಳನ್ನು ಕಳಿಸುತ್ತಿದ್ದೇನೆ ಎಂದು ಹೇಳು.

ಸಿಂಧು

---

ಜಡಿಗೇನಹಳ್ಳಿ
16 ಮೇ 2025

ಸಿಂಧು,

ಮೊದಲ ವಾರ ಚಂದು ಅಜ್ಜಿಯ ಸೆರಗು ಬಿಡಲಿಲ್ಲ. ನಾನು ಬಾಯಿಗೆ ಹಾಕಿದ ಬೀಗ ಎರಡು ಸಲ ಕಳಚಿತು, ಎರಡು ಸಲವೂ ಅವ್ವ ಕಣ್ಣಲ್ಲೇ ಮತ್ತೆ ಹಾಕಿದಳು.

ಒಂದು ಸಂಜೆ ಡೈರಿಗೆ ಹಾಲು ಹಾಕಲು ಚಂದುವನ್ನು ಕರೆದುಕೊಂಡು ಹೋದೆ. ಗೊತ್ತಲ್ಲ, ಡೈರಿ ಮುಂದೆ ಎಷ್ಟು ಜನ, ಕ್ಯಾನುಗಳ ಸದ್ದು, ಎಲ್ಲರೂ "ಯಾರ ಮಗು, ಯಾವ ಊರು" ಎಂದು ಮುತ್ತಿಕೊಂಡರು. ಹುಡುಗಿಯ ತುಟಿ ಬಿಳಿಚಿತು. ನೀನು ಬರೆದದ್ದೆಲ್ಲ ಮರೆತುಹೋಯಿತು ನೋಡು, ಎತ್ತಿಕೊಂಡು ಓಡಿ ಬಂದೆ. ಎಳೆದು ತರಬೇಕೆಂದವಳು ನಾನೇ, ಎತ್ತಿಕೊಂಡು ಓಡಿದವಳೂ ನಾನೇ.

ಅವ್ವ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡಳು. "ನಂಗೂ ಹಂಗೇ ಆಗ್ತೈತೆ ಕಣ್ ಮಗ" ಎಂದಳು.

ಚಂದು ಅಳು ನಿಲ್ಲಿಸಿ ಅವಳ ಮುಖ ನೋಡಿದಳು. "ದೊಡ್ಡೋರಿಗೂ ಆಗುತ್ತಾ?"

"ಆ ಡೈರಿ ಕಟ್ದಾಗಿಂದ ನಾನು ಅದನ್ ನೋಡೇ ಇಲ್ಲ."

"ಇಲ್ಲೇ ಇದೆಯಲ್ಲಜ್ಜಿ!"

"ಇಲ್ಲೇ ಐತೆ. ಹೋಗೋಕಾಗಿಲ್ಲ."

ಅಲ್ಲಿಂದ ಮುಂದೆ ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ. ಚಂದು ಮೇಡಂ ಆದಳು, ಅವ್ವ ವಿದ್ಯಾರ್ಥಿನಿ. "ಅಜ್ಜಿ, ಉಸಿರು ಮೆಲ್ಲಗೆ ಬಿಡ್ಬೇಕು, ಬಿಸಿ ಕಾಫಿ ಊದೋ ಥರ" ಎಂದು ಪಾಠ ನಡೆಯಿತು. ಮೊದಲ ದಿನ ಅರಳಿಕಟ್ಟೆಯವರೆಗೆ ಹೋದರು. ಮರುದಿನವೂ ಅಷ್ಟೇ. ಅವ್ವ ಹಿಂದಕ್ಕೆ ತಿರುಗಿದರೆ ಚಂದು, "ಓಡಬಾರದಜ್ಜಿ, ಇಲ್ಲೇ ಕೂರೋಣ" ಎಂದು ಕಟ್ಟೆಯ ಮೇಲೆ ಕೂರಿಸುತ್ತಿದ್ದಳು. ನಾನು ಕ್ಯಾನು ಹಿಡಿದು ಹಿಂದೆ ನಿಂತಿರುತ್ತಿದ್ದೆ. ಅಜ್ಜಿಯ ಭಯ ನೋಡಿಕೊಳ್ಳುವಾಗ ಹುಡುಗಿಗೆ ತನ್ನದು ಮರೆತುಹೋಗುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಇಬ್ಬರೂ ನಡುಗುತ್ತಿದ್ದರು. ನಡುಗುತ್ತಲೇ ಕೂತಿರುತ್ತಿದ್ದರು.

ಕಳೆದ ಸೋಮವಾರ ಇಬ್ಬರೂ ಡೈರಿ ಮುಟ್ಟಿದರು. ಡೈರಿ ಸೆಕ್ರೆಟರಿ ಚಲಪತಿ ಅವ್ವನನ್ನು ನೋಡಿ ಬೆರಗಾಗಿ ನಿಂತ. "ಏನಮ್ಮೋ, ಸೂರ್ಯ ಯಾವ್ ಕಡೆ ಹುಟ್ದ ಇವತ್ತು?"

ಅವ್ವನಿಗೆ ಮಾತು ಹೊರಡಲಿಲ್ಲ, ಕಂಬ ಹಿಡಿದುಕೊಂಡಿದ್ದಳು. ಚಂದು ಅವಳ ಮುಂದೆ ನಿಂತು, "ಅಜ್ಜಿನ ಈಗ ಮಾತಾಡ್ಸಬೇಡಿ ಅಂಕಲ್, ಸ್ವಲ್ಪ ಹೊತ್ತು ಬೇಕು. ಹಾಲು ನಾನು ಕೊಡ್ತೀನಿ" ಎಂದಳು. ಧ್ವನಿ ನಡುಗುತ್ತಿತ್ತು. ಆದರೆ ಆ ಗಲಾಟೆಯಲ್ಲೂ ನನಗೆ ಕೇಳಿಸಿತು. ಚಲಪತಿ ಕ್ಯಾನು ತೆಗೆದುಕೊಂಡ.

ಮನೆಗೆ ಬಂದ ಮೇಲೆ ಅವ್ವ ಜಗುಲಿಯಲ್ಲಿ ಕೂತು, "ಭಾಗ್ಯ, ಡೈರಿ ಗೋಡೆಗೆ ನೀಲಿ ಬಣ್ಣ ಹೊಡ್ದವ್ರೆ ಕಣೆ" ಎಂದಳು. ದಿನಾ ಹಾಲು ಹಾಕುವ ನಾನು ಅದರ ಬಣ್ಣವನ್ನು ಒಂದು ದಿನವೂ ನೋಡಿರಲಿಲ್ಲ.

ಭಾಗ್ಯ

---

ದೊಡ್ಡಬಳ್ಳಾಪುರ
4 ಜೂನ್ 2025

ಅಕ್ಕ,

ಶಾಲೆ ಶುರುವಾಯಿತು. ಮೊದಲ ದಿನದ ಕಥೆ ನೀನು ಕೇಳಿಯೇ ಕೇಳುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಹೊಟ್ಟೆನೋವು ಬಂತು. ರಜೆಯಲ್ಲಿ ಎಲ್ಲ ಸರಿಹೋಗಿರುತ್ತದೆ ಎಂದು ಒಳಗೊಳಗೇ ಆಸೆ ಪಟ್ಟಿದ್ದೆ, ಆಗಿರಲಿಲ್ಲ. ವಾಂತಿಯೂ ಆಯಿತು. ನಾನು ಸುಮ್ಮನೆ ಟವಲು ಹಿಡಿದು ನಿಂತೆ. ಮುಖ ತೊಳೆದುಕೊಂಡು ಬಂದು, "ಜಡೆ ಇನ್ನೊಂದ್ಸಲ ಹಾಕಮ್ಮ, ಒದ್ದೆಯಾಗಿದೆ" ಎಂದಳು. ವ್ಯಾನು ಬಂತು. ಮೆಟ್ಟಿಲ ಮುಂದೆ ನಿಂತಳು. ವ್ಯಾನಿನವನಿಗೆ ಮೊದಲೇ ಹೇಳಿದ್ದೆ, ಹಾರ್ನ್ ಮಾಡಲಿಲ್ಲ. ಆಮೇಲೆ ತಾನೇ ಹತ್ತಿದಳು. ಗೇಟಿನಲ್ಲಿ ಕ್ಲಾಸ್ ಟೀಚರ್ ಕಾದಿದ್ದು ಕೈ ಹಿಡಿದುಕೊಂಡರಂತೆ.

ಫ್ಯಾಕ್ಟರಿಯಲ್ಲಿ ನನ್ನ ಕಣ್ಣೆಲ್ಲ ಫೋನಿನ ಮೇಲೆ. ಮೊದಲಾಗಿದ್ದರೆ ಮಧ್ಯಾಹ್ನದೊಳಗೆ ಶಾಲೆಗೆ ಮೂರು ಸಲ ಫೋನ್ ಮಾಡಿರುತ್ತಿದ್ದೆ. ಲಾಕರಿನಲ್ಲಿ ಇಟ್ಟು ಬೀಗ ಹಾಕಿದೆ. ಒಂದು ಕಾಲರಿನ ಹೊಲಿಗೆ ಸೊಟ್ಟಗಿತ್ತೆಂದು ಹೊಸ ಹುಡುಗಿಗೆ ಬೈದೆ, ಆಮೇಲೆ ಅವಳ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಮಗಳಿಗೆ ಹೇಳಿಕೊಟ್ಟದ್ದನ್ನು ನಾನೂ ಕಲಿಯಬೇಕಲ್ಲ.

ಸಂಜೆ ನಾನು ಬಂದಾಗ ಚಂದು ಮನೆಯ ಗೇಟಿನ ಮೇಲೆ ಕೂತು ಸೀಬೆಹಣ್ಣು ತಿನ್ನುತ್ತಿದ್ದಳು. "ಭಯ ಬಂತಾ?" ಎಂದೆ.

"ಬಂತಮ್ಮ. ಕನ್ನಡ ಪೀರಿಯಡ್ಡಲ್ಲಿ ಬಂತು. ತುಂಬಾ ಬಂತು. ಗಣಿತಕ್ಕೆ ಹೋಯ್ತು."

"ಆಮೇಲೆ?"

"ಆಮೇಲೆ ಏನು? ಗಣಿತ ಮಾಡಿದ್ವಿ."

ಅವ್ವನಿಗೆ ಇದನ್ನು ಓದಿ ಹೇಳು. ಇದೇ ಕಾಗದದ ಕೊನೆಯಲ್ಲಿ ಅವಳಿಗೆಂದು ಎರಡು ಸಾಲು ಬರೆಯುತ್ತೇನೆ, ಅದನ್ನೂ ಓದು. ಅವ್ವ, ನಿನಗೆ ಹಾಗಾಗುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ನನ್ನ ಮನೆ ನೋಡಲು ಬಾ. ಆಗುವಷ್ಟು ದೂರ ಬಾ, ಅಲ್ಲಿಗೆ ನಾನು ಬರುತ್ತೇನೆ.

ಸಿಂಧು

---

ಜಡಿಗೇನಹಳ್ಳಿ
21 ಜುಲೈ 2025

ಸಿಂಧು,

ಆ ಎರಡು ಸಾಲನ್ನು ಅವ್ವ ನನ್ನಿಂದ ಎಷ್ಟು ಸಲ ಓದಿಸಿದಳೋ. ಈಗ ಬಾಯಿಪಾಠ ಆಗಿದೆ.

ಇಷ್ಟು ದಿನ ನಾನು ಬರೆಯಲಿಲ್ಲ, ಯಾಕೆಂದರೆ ಇಲ್ಲಿ ತಾಲೀಮು ನಡೆಯುತ್ತಿತ್ತು. ಊರ ಮುಂದೆ ನಿಂತ ಬಸ್ಸಿನಲ್ಲಿ ಸುಮ್ಮನೆ ಕೂತು ಬರುವುದು. ಆಮೇಲೆ ಒಂದು ಸ್ಟಾಪು. ಹೋದ ವಾರ ಹೊಸಕೋಟೆಯವರೆಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಒಂದು ಟೀ ಕುಡಿದು ಬಂದೆವು. ಹೆಂಗಸರಿಗೆ ಬಸ್ಸು ಫ್ರೀ ಆಗಿ ಎಷ್ಟು ಕಾಲವಾಯಿತು, ಅವ್ವನ ಆಧಾರ್ ಕಾರ್ಡನ್ನು ಕಂಡಕ್ಟರ್ ನೋಡಿದ್ದು ಇದೇ ಮೊದಲು.

ಈ ಭಾನುವಾರ ದೇವನಹಳ್ಳಿಯವರೆಗೆ ಬರುತ್ತಾಳಂತೆ. ಅದರಾಚೆ ಕೇಳಬೇಡ. ನಿಮ್ಮ ಭಾವ ಕರೆತರುತ್ತಾರೆ. ನಾನು ಬರುವುದಿಲ್ಲ. ನಾನು ಜೊತೆಗಿದ್ದರೆ ಅವಳ ಬದಲು ನಾನೇ ಮಾತಾಡುತ್ತೇನೆ.

ಭಾಗ್ಯ

---

ದೊಡ್ಡಬಳ್ಳಾಪುರ
28 ಜುಲೈ 2025

ಅಕ್ಕ,

ಅವ್ವ ಹೇಗಿದ್ದಳು, ಏನೇನಾಯಿತು ಎಂದು ಕೆಂಪರಾಜ್ ಭಾವ ನಿನಗೆ ಒಂದು ಸಾಲಿನಲ್ಲಿ ಹೇಳಿ ಮುಗಿಸಿರುತ್ತಾರೆ. ನಾನು ಪೂರ್ತಿ ಹೇಳುತ್ತೇನೆ.

ನಾನೂ ಚಂದುವೂ ಬೇಗ ಹೋಗಿ ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಾದೆವು. ಹೊಸಕೋಟೆಯಿಂದ ಬಂದ ಬಸ್ಸಿನಲ್ಲಿ ಮೊದಲು ಭಾವ ಕಂಡರು, ಅವರ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಅವ್ವ. ಮುಖ ಸುಣ್ಣದಂತಿತ್ತು. ನೆಲಕ್ಕೆ ಕಾಲಿಟ್ಟವಳು ನನ್ನನ್ನು ನೋಡಲಿಲ್ಲ, ಎದುರಿದ್ದ ಬೆಂಚು ನೋಡಿದಳು. ಹೋಗಿ ಕೂತಳು. ಕಣ್ಣು ಮುಚ್ಚಿಕೊಂಡಳು. ನಾನು ಒಂದು ಪಕ್ಕ, ಚಂದು ಇನ್ನೊಂದು ಪಕ್ಕ. ಭಾವ ನೀರಿನ ಬಾಟಲಿ ಕೊಟ್ಟು ಹೂವಿನಂಗಡಿ ಕಡೆ ಹೊರಟುಹೋದರು. ಒಳ್ಳೆಯ ಮನುಷ್ಯ.

ನಾನು ಅವ್ವನ ಕೈ ಹಿಡಿದೆ. ಅಕ್ಕ, ನನಗೆ ಬುದ್ಧಿ ಬಂದಮೇಲೆ ನಾನು ಅವಳ ಕೈ ಹಿಡಿದದ್ದೇ ಇಲ್ಲವೇನೋ. ನೀನು ಹೇಳಿದಂತೆಯೇ ಇತ್ತು. ಕೈ ಬಿಡದೆ ಕೂತಿದ್ದೆ. ಬಸ್ಸುಗಳು ಬಂದವು, ಹೋದವು. ಎಷ್ಟೋ ಹೊತ್ತಿನ ಮೇಲೆ ಆ ಕೈಗೆ ಬಿಸಿ ಬಂತು. ಆಗ ಅವ್ವ ಕಣ್ಣು ತೆರೆದು ನನ್ನನ್ನು ನೋಡಿದಳು.

"ತೆಳ್ಳಗಾಗಿದ್ದೀಯ" ಎಂದಳು.

"ನೀನೂ" ಎಂದೆ.

ಇಷ್ಟೇ ಮಾತು. ನಾವಿಬ್ಬರೂ ಆಮೇಲೆ ಅತ್ತದ್ದನ್ನು ಮಾತೆಂದು ಲೆಕ್ಕ ಹಾಕಬೇಡ. ಚಂದು ಹೋಗಿ ಭಾವನನ್ನು ಕರೆತಂದು, "ತಾತ ಅಲ್ಲ, ದೊಡ್ಡಪ್ಪ, ಇವರಿಬ್ಬರಿಗೂ ಹಸಿವಾಗಿದೆ ಅನ್ಸುತ್ತೆ" ಎಂದಳು. ಗಾಬರಿಯಲ್ಲಿ ದೊಡ್ಡಪ್ಪನನ್ನು ತಾತ ಎಂದುಬಿಟ್ಟಿದ್ದಕ್ಕೆ ಭಾವ ಹೋಟೆಲು ಮುಟ್ಟುವವರೆಗೂ ಗೊಣಗಿದರು. ಅವ್ವ ಹೋಟೆಲಿನಲ್ಲಿ ಮಸಾಲೆದೋಸೆ ತಿಂದಳು. ಅರ್ಧ ತಿಂದು, "ಭಾಗ್ಯ ಇದಕ್ಕಿಂತ ಚೆನ್ನಾಗ್ ಹುಯ್ತಾಳೆ" ಎಂದಳು. ದೇವೇಂದ್ರನ ಬಗ್ಗೆ ಕೇಳಿದಳು, ಅಂಗಡಿ ಹೇಗೆ ನಡೆಯುತ್ತಿದೆ ಎಂದಳು. "ಒಳ್ಳೇ ಹುಡ್ಗ. ಅವತ್ತೇ ನಂಗೆ ಹಿಡಿಸ್ದ" ಎಂದಳು, ದೋಸೆ ನೋಡುತ್ತ. ನಾನು ಚಟ್ನಿ ಕೇಳುವ ನೆಪದಲ್ಲಿ ಎದ್ದು ಹೋದೆ.

ಅಲ್ಲಿಂದ ನಮ್ಮ ಮನೆ ಇನ್ನೊಂದು ಬಸ್ಸಿನ ದಾರಿ. ಕೇಳಬಾರದೆಂದುಕೊಂಡಿದ್ದೆ, ಆದರೂ ಬಾಯಿ ತುದಿಗೆ ಬಂತು. ಅಷ್ಟರಲ್ಲಿ ಚಂದುವೇ, "ಅಜ್ಜಿಗೆ ಇವತ್ತಿಗೆ ಇಷ್ಟು ಸಾಕು" ಎಂದಳು. ನನಗೆ ಬೇಸರವಾಗಲಿಲ್ಲ.

ಹೊಸಕೋಟೆ ಬಸ್ಸಿಗೆ ಹತ್ತಿಸಿದೆವು. ಕಿಟಕಿ ಪಕ್ಕದ ಸೀಟು. ಬಸ್ ಸ್ಟಾರ್ಟ್ ಆಗುತ್ತಿದ್ದಂತೆ ಅವ್ವ ಮುಂದಿನ ಸೀಟಿನ ಕಂಬಿ ಹಿಡಿದು, "ಮತ್ತೆ ಹತ್ಕಂತು ಕಣೆ ಚಂದು, ಎದೆಗಂಟ ಬಂತು" ಎಂದಳು. ಚಂದು ಕಿಟಕಿಯ ಕೆಳಗೆ ನಿಂತು, "ಹತ್ತಲಿ ಅಜ್ಜಿ, ಇಳಿಯುತ್ತೆ" ಎಂದಳು. ಬಸ್ಸು ಚಲಿಸಿತು. ಅವಳು ಜೊತೆಗೇ ನಡೆದು, ಆಮೇಲೆ ಓಡಿ, ಬಸ್ ಸ್ಟ್ಯಾಂಡಿನವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದಳು, "ಇಳಿಯುತ್ತೆ ಅಜ್ಜಿ! ಇಳಿಯುತ್ತೆ! ಇಳಿಯುತ್ತೆ!" ಜನರ ಮುಂದೆ ಬಾಯಿ ತೆರೆಯದ ನನ್ನ ಮಗಳು, ಅಕ್ಕ.

ಕಂಡಕ್ಟರ್ ಸೀಟಿ ಊದಿಬಿಟ್ಟ. ಬಸ್ಸು ಗಕ್ಕನೆ ನಿಂತಿತು. "ಯಾರಮ್ಮ ಇಳಿಯೋರು? ಬೇಗ ಇಳೀರಿ!" ಎಂದು ಬಾಗಿಲಿನಿಂದ ತಲೆ ಹೊರಗೆ ಹಾಕಿದ.

ಬಾಗಿಲು ತೆರೆದೇ ಇತ್ತು. ಅವ್ವ ಅದನ್ನು ನೋಡಿದಳು. ನಮ್ಮನ್ನು ನೋಡಿದಳು.

"ಇಳಿಯೋರು ಯಾರೂ ಇಲ್ಲ" ಎಂದಳು ಅವ್ವ. "ನಡಿಯಪ್ಪ ನೀನು."

ನಿನ್ನ ತಂಗಿ,
ಸಿಂಧು